ಕತ್ತಿ ಮೆಡೂಸಾಳ ಕೈಗೆ

ತಲೆ ಕಡಿಸಿಕೊಂಡವಳ ಕೈಗೇ ಕತ್ತಿ ಬಂದರೆ?

ಗ್ರೀಕ್ ಪುರಾಣದ ಮೆಡೂಸಾ.
ತಲೆ ತುಂಬ ಹಾವು. ಮುಖ ನೋಡಿದವರು ಕಲ್ಲು.

ರೋಮನ್ ಕವಿ ಓವಿಡ್ ಹೇಳುವ ಕಥೆಯಲ್ಲಿ
ಅತ್ಯಾಚಾರ ಮಾಡಿದ್ದು ಸಮುದ್ರದೇವ.
ಶಾಪ ತಗುಲಿದ್ದು ಅವಳಿಗೆ!

ಫ್ಲಾರೆನ್ಸ್‌ನಲ್ಲಿದೆ ಶಿಲ್ಪಿ ಚೆಲ್ಲಿನಿಯ ಕಂಚಿನ ಪ್ರತಿಮೆ, 1554ರದು.
ಅವಳ ತಲೆ ಕಡಿದ ವೀರ ಪರ್ಸಿಯಸ್ ಆ ರುಂಡ ಎತ್ತಿ ಹಿಡಿದಿದ್ದಾನೆ.
ಕಾಲಡಿಯಲ್ಲಿ ಅವಳದೇ ಮುಂಡ.

2008ರಲ್ಲಿ ಶಿಲ್ಪಿ ಲುಸಿಯಾನೊ ಗಾರ್ಬಾಟಿ
ಇದನ್ನೇ ತಿರುಗುಮುರುಗು ಮಾಡಿದರು.
ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಪರ್ಸಿಯಸ್‌ನ ತಲೆ.
ಮೆಡೂಸಾ ಅದನ್ನು ಎತ್ತಿ ಮೆರೆಸುವುದಿಲ್ಲ.
ಸಂತೆಯ ಚೀಲದ ಹಾಗೆ ಇಳಿಬಿಟ್ಟಿದ್ದಾಳೆ.
ನೋಟ ಮಾತ್ರ ನೇರ.

2020ರಲ್ಲಿ ಈ ಪ್ರತಿಮೆ
ನ್ಯೂಯಾರ್ಕ್‌ನ ಕ್ರಿಮಿನಲ್ ಕೋರ್ಟ್ ಎದುರು ನಿಂತಿತು.
ಹಾಲಿವುಡ್ ನಿರ್ಮಾಪಕ ಹಾರ್ವಿ ವೈನ್‌ಸ್ಟೀನ್‌ನ ಅತ್ಯಾಚಾರ ಪ್ರಕರಣದ ವಿಚಾರಣೆ ನಡೆದದ್ದು ಅಲ್ಲೇ.

ಟೀಕೆಯೂ ಬಂತು, ಅದರಲ್ಲಿ ಹುರುಳೂ ಇದೆ:
ಕೆಡುಕು ಮಾಡಿದ್ದು ಸಮುದ್ರದೇವ,
ತಲೆ ಹೋದದ್ದು ಪರ್ಸಿಯಸ್‌ನದು.