ಸರ್ ಅನ್ನೋದಾ, ಅಣ್ಣ ಅನ್ನೋದಾ? ನಮ್ಮ ಟಿಎಗಳ ಬಗ್ಗೆ ಒಂದಿಷ್ಟು

ಮೂರನೇ ಸೆಮಿಸ್ಟರ್, ಡಿಜಿಟಲ್ ಎಲೆಕ್ಟ್ರಾನಿಕ್ಸ್ ಲ್ಯಾಬ್. ನಮ್ಮ ಬ್ಯಾಚಿನ ಕೌಂಟರ್ ಸರ್ಕ್ಯೂಟ್ ಏನೇ ಮಾಡಿದ್ರೂ ಕೆಲಸ ಮಾಡ್ತಿಲ್ಲ. ವೈರ್ ಬದಲಾಯಿಸಿದ್ವಿ, ಐಸಿ ಬದಲಾಯಿಸಿದ್ವಿ, ಕೊನೆಗೆ ಟ್ರೈನರ್ ಕಿಟ್ಟನ್ನೇ ಬದಲಾಯಿಸಿದ್ವಿ. ಎಲ್‌ಇಡಿ ಮಾತ್ರ ಹತ್ತಲೇ ಇಲ್ಲ. ಟಿಎ ಅವರನ್ನ ಕರೆದ್ವಿ. ಅವರು ಒಂದು ಸಲ ನೋಡಿ, "7476ಗೆ ವಿಸಿಸಿ ಯಾವ ಪಿನ್? ಡೇಟಾಶೀಟ್ ನೋಡಿ" ಅಂತ ಹೇಳಿ ಪಕ್ಕದ ಟೇಬಲ್‌ಗೆ ಹೋಗೇಬಿಟ್ರು.

ನಮಗೆ ಸಿಟ್ಟು ಬಂತು. ಗೊತ್ತಿದ್ರೆ ಹೇಳಬಾರದಾ? ಗೊಣಗಿಕೊಂಡೇ ಡೇಟಾಶೀಟ್ ತೆಗೆದ್ವಿ. 16 ಪಿನ್ ಇರೋ ಐಸಿ ಅಂದ್ರೆ ವಿಸಿಸಿ 16ಕ್ಕೆ, ಗ್ರೌಂಡ್ 8ಕ್ಕೆ ಅಂತ ನಾವು ಅಭ್ಯಾಸಬಲದಿಂದ ಕೊಟ್ಟಿದ್ವಿ. 7476ರಲ್ಲಿ ವಿಸಿಸಿ 5ನೇ ಪಿನ್, ಗ್ರೌಂಡ್ 13ನೇ ಪಿನ್! ಅವತ್ತಿಂದ ಹೊಸ ಐಸಿ ಕೈಗೆ ಬಂದ್ರೆ ನಾವು ಮೊದಲು ಡೇಟಾಶೀಟ್ ತೆಗೀತೀವಿ.

ಆದ್ರೆ ಅವತ್ತು ರಾತ್ರಿ ಮೆಸ್‌ನಲ್ಲಿ ದೊಡ್ಡ ಚರ್ಚೆನೇ ಆಯ್ತು. ಟಿಎ ಅಂದ್ರೆ ಯಾರು? ಅವರ ಕೆಲಸ ಏನು?

ಯಾರು ಇವರು?

ಟಿಎ ಅಂದ್ರೆ ಟೀಚಿಂಗ್ ಅಸಿಸ್ಟೆಂಟ್, ಬೋಧನಾ ಸಹಾಯಕರು. ಬಹುತೇಕ ಎಂ.ಟೆಕ್ ಅಥವಾ ಪಿಎಚ್‌ಡಿ ವಿದ್ಯಾರ್ಥಿಗಳು. ಅಂದ್ರೆ ಅವರೂ ನಮ್ಮ ಹಾಗೆ ಪರೀಕ್ಷೆ ಬರೆಯೋರೇ, ಗೈಡ್ ಹತ್ರ ಬೈಸಿಕೊಳ್ಳೋರೇ.

ನಮ್ಮ ದೇಶದಲ್ಲಿ ಗೇಟ್ ಪಾಸಾಗಿ ಎಂ.ಟೆಕ್ ಸೇರಿದವರಿಗೆ ಸಿಗೋ ಸ್ಕಾಲರ್‌ಶಿಪ್ ತಿಂಗಳಿಗೆ 12,400 ರೂಪಾಯಿ. 2014ರ ಡಿಸೆಂಬರ್‌ನಲ್ಲಿ ಅದನ್ನ 8,000ದಿಂದ ಇಲ್ಲಿಗೆ ಏರಿಸಿದ್ರು. ಇದು ಸುಮ್ಮನೆ ಬರೋ ದುಡ್ಡಲ್ಲ. ವಾರಕ್ಕೆ 8 ಗಂಟೆ ವಿಭಾಗದ ಕೆಲಸ ಮಾಡಬೇಕು.

ಏನೇನು ಕೆಲಸ?

ಲ್ಯಾಬ್‌ನಲ್ಲಿ ಪ್ರಯೋಗ ತೋರಿಸೋದು, ಟ್ಯುಟೋರಿಯಲ್‌ನಲ್ಲಿ ಲೆಕ್ಕ ಬಿಡಿಸೋಕೆ ಸಹಾಯ ಮಾಡೋದು, ಅಸೈನ್‌ಮೆಂಟ್ ಮತ್ತು ಉತ್ತರ ಪತ್ರಿಕೆ ತಿದ್ದೋದು, ಪರೀಕ್ಷೆಯಲ್ಲಿ ಇನ್ವಿಜಿಲೇಷನ್. ಪಟ್ಟಿ ಚಿಕ್ಕದೇ ಅನ್ಸುತ್ತೆ. ಒಂದು ಲೆಕ್ಕ ಹಾಕಿ ನೋಡೋಣ. ಕ್ಲಾಸಲ್ಲಿ 60 ಜನ. ಒಂದು ರೆಕಾರ್ಡ್ ನೋಡೋಕೆ 5 ನಿಮಿಷ ಅಂದ್ರೂ 300 ನಿಮಿಷ, ಅಂದ್ರೆ 5 ಗಂಟೆ. 3 ಗಂಟೆ ಲ್ಯಾಬ್ ಸೇರಿಸಿದ್ರೆ 8 ಗಂಟೆ ಮುಗೀತು. ಪ್ರಯೋಗ ಮೊದಲೇ ಮಾಡಿ ನೋಡೋದು, ನಮ್ಮ ವಾಟ್ಸಾಪ್ ಮೆಸೇಜ್‌ಗೆ ಉತ್ತರ ಕೊಡೋದು ಯಾವ ಲೆಕ್ಕದಲ್ಲೂ ಇಲ್ಲ.

ಇನ್ನು ಅವರ ಕೈಲಿ ಇಲ್ಲದ್ದು. ಅಂಕ ಕೊಡೋ ಪದ್ಧತಿಯನ್ನ ನಿರ್ಧರಿಸೋದು ಕೋರ್ಸಿನ ಪ್ರೊಫೆಸರ್. ಟಿಎ ಅದರ ಪ್ರಕಾರ ತಿದ್ದುತ್ತಾರೆ, ಅಷ್ಟೇ. "ಅಣ್ಣ, ಒಂದೆರಡು ಮಾರ್ಕ್ಸ್ ಹಾಕಿ" ಅಂತ ಕೇಳಿದ್ರೆ ಅವರನ್ನ ಇಕ್ಕಟ್ಟಿಗೆ ಸಿಕ್ಕಿಸಿದ ಹಾಗೆ. ಒಬ್ಬರ ಅಂಕವನ್ನ ಇನ್ನೊಬ್ಬರಿಗೆ ಹೇಳೋ ಹಾಗೂ ಇಲ್ಲ. ನಮ್ಮ ಸರ್ಕ್ಯೂಟ್ ಸರಿ ಮಾಡಿಕೊಡೋದೂ ಅವರ ಕೆಲಸ ಅಲ್ಲ. ತಪ್ಪು ಹುಡುಕೋದನ್ನ ಕಲಿಸೋದು ಅವರ ಕೆಲಸ.

ಕೇಳೋಕೆ ಹೆದರಿದ್ರೆ?

ಇದನ್ನ ಹೇಳಲೇಬೇಕು. ನಾವು ಇಂಗ್ಲಿಷ್ ಮೀಡಿಯಮ್‌ನಲ್ಲಿ ಓದಿ ಬಂದವರು. ಮೊದಲ ವರ್ಷ ನಮ್ಮ ರೂಮ್‌ಮೇಟ್ ಒಬ್ಬ ಸಿ ಲ್ಯಾಬ್‌ನಲ್ಲಿ ತಿಂಗಳುಗಟ್ಟಲೆ ಬಾಯಿ ಬಿಟ್ಟಿರಲಿಲ್ಲ. ಪಿಯುಸಿವರೆಗೂ ಕನ್ನಡದಲ್ಲಿ ಓದಿದವನು. ಅವನಿಗೆ ಪಾಯಿಂಟರ್ ಅರ್ಥ ಆಗಿಲ್ಲ ಅನ್ನೋದು ಪಕ್ಕದಲ್ಲೇ ಕೂತಿದ್ದ ನಮಗೆ ಗೊತ್ತೇ ಆಗಿರಲಿಲ್ಲ. ಮೊದಲ ಇಂಟರ್ನಲ್ಸ್‌ನಲ್ಲಿ ಅಂಕ ತೀರಾ ಕಡಿಮೆ ಬಂದಾಗ, ಓದು ಬಿಟ್ಟು ಊರಿಗೆ ಹೋಗ್ತೀನಿ ಅಂದಿದ್ದ.

ಅವನನ್ನ ಗಮನಿಸಿದ್ದು ಹುಬ್ಬಳ್ಳಿ ಕಡೆಯ ಒಬ್ಬ ಟಿಎ. "ಯಾಕ ಹೆದರ್ತಿ? ತಿಳೀಲಿಲ್ಲಂದ್ರ ಕೇಳು, ಅದಕ್ಕ ನಾ ಇಲ್ಲಿ ನಿಂತಿರೋದು" ಅಂದ್ರು. "ಮನಿ ಬ್ಯಾರೆ, ಮನಿ ವಿಳಾಸ ಬ್ಯಾರೆ. ಪಾಯಿಂಟರ್ ಅಂದ್ರ ವಿಳಾಸ ಬರೆದಿಟ್ಟ ಚೀಟಿ" ಅಂತ ಶುರು ಮಾಡಿದ್ರು. ಇವತ್ತು ನಮಗೆ ಡೇಟಾ ಸ್ಟ್ರಕ್ಚರ್ಸ್ ಹೇಳಿಕೊಡೋನು ಅವನೇ. 60 ಜನರ ಮುಂದೆ ನಿಂತ ಪ್ರೊಫೆಸರ್‌ಗೆ ಕಾಣದೇ ಇರೋದು, ಟೇಬಲ್ ಟೇಬಲ್‌ಗೂ ಓಡಾಡೋ ಟಿಎಗೆ ಕಾಣುತ್ತೆ.

ನಾಳೆ ನಾವೇ

ನಮ್ಮಲ್ಲಿ ಕೆಲವರು ಎಂ.ಟೆಕ್‌ಗೆ, ಕೆಲವರು ಅಮೆರಿಕಾಗೆ ಎಂಎಸ್‌ಗೆ ಹೋಗೋರು. ಅಲ್ಲಿ ಹಾಫ್ ಟೈಮ್ ಟಿಎ ಅಂದ್ರೆ ಸಾಮಾನ್ಯವಾಗಿ ವಾರಕ್ಕೆ 20 ಗಂಟೆ. ಎಫ್-1 ವೀಸಾದಲ್ಲಿ ಇರೋರು ಕ್ಲಾಸ್ ನಡೆಯೋ ದಿನಗಳಲ್ಲಿ ಕ್ಯಾಂಪಸ್ ಒಳಗೆ ಕೆಲಸ ಮಾಡೋಕೆ ಇರೋ ಮಿತಿಯೂ ಅಷ್ಟೇ. ಸ್ಟೈಪೆಂಡ್ ಜೊತೆ ಎಷ್ಟೋ ಕಡೆ ಟ್ಯೂಷನ್ ಫೀಸಲ್ಲೂ ವಿನಾಯಿತಿ ಸಿಗುತ್ತೆ. 2022ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಟಿಎಗಳು, ಸಂಶೋಧಕರು ಸೇರಿ ಸುಮಾರು 48,000 ಜನ ಸಂಬಳ ಹೆಚ್ಚಿಸಿ ಅಂತ ಮುಷ್ಕರ ಹೂಡಿದ್ರು. ಸೆಮಿಸ್ಟರ್ ಕೊನೆಯಲ್ಲಿ ಪತ್ರಿಕೆ ತಿದ್ದೋರೇ ಇಲ್ಲದೆ ಎಷ್ಟೋ ಕೋರ್ಸ್‌ಗಳ ಗ್ರೇಡ್ ತಡವಾಯ್ತು. ಅವರು ಎಷ್ಟು ಕೆಲಸ ಮಾಡ್ತಿದ್ರು ಅನ್ನೋದು ಆಗ ಎಲ್ಲರಿಗೂ ಗೊತ್ತಾಯ್ತು.

ಹಾಗಾದ್ರೆ ನಾವೇನು ಮಾಡಬೇಕು?

"ಬರ್ತಿಲ್ಲ" ಅಂತ ಹೇಳೋದರ ಬದಲು, ಏನು ಮಾಡಿದ್ವಿ, ಎಲ್ಲಿ ಸಿಕ್ಕಿಹಾಕಿಕೊಂಡ್ವಿ ಅಂತ ಹೇಳೋಣ. ಸಬ್ಮಿಷನ್ ಹಿಂದಿನ ರಾತ್ರಿ 11ಕ್ಕೆ ಫೋನ್ ಮಾಡೋದು ಬೇಡ. ಅಂಕದಲ್ಲಿ ತಪ್ಪಾಗಿದೆ ಅನ್ಸಿದ್ರೆ ಮೊದಲು ಟಿಎ ಹತ್ರ ಪತ್ರಿಕೆ ತಗೊಂಡು ಹೋಗಿ ಕೇಳೋಣ, ಬಗೆಹರೀಲಿಲ್ಲ ಅಂದ್ರೆ ಪ್ರೊಫೆಸರ್. ಕನ್ನಡ ಬಲ್ಲ ಟಿಎ ಇದ್ರೆ ಕನ್ನಡದಲ್ಲೇ ಕೇಳೋಣ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಅಂದ ಹಾಗೆ, ಸರ್ ಅನ್ನೋದಾ, ಅಣ್ಣ ಅನ್ನೋದಾ ಅಂತ ನಮ್ಮ ಟಿಎ ಅವರನ್ನೇ ಕೇಳಿದ್ವಿ. "ಲ್ಯಾಬ್ ಒಳಗೆ ಸರ್, ಕ್ಯಾಂಟೀನ್‌ನಲ್ಲಿ ಅಣ್ಣ. ಆದ್ರೆ ಕ್ಯಾಂಟೀನ್‌ನಲ್ಲಿ ಮಾರ್ಕ್ಸ್ ವಿಷಯ ಎತ್ತಬೇಡಿ" ಅಂದ್ರು.