ಹದಿನೇಳು ಸಾವಿರ ವರ್ಷದ ಗೋಡೆಚಿತ್ರಗಳ ಊರಿನಲ್ಲಿ

ಫ್ರಾನ್ಸ್ ಎಂದೊಡನೆ ನೆನಪಾಗುವುದು ಪ್ಯಾರಿಸ್, ಐಫೆಲ್ ಗೋಪುರ. ಆದರೆ ಫ್ರೆಂಚರು ಬೇಸಿಗೆ ರಜೆ ಬಂತೆಂದರೆ ಮಕ್ಕಳು ಮರಿಗಳೊಂದಿಗೆ ಹಳ್ಳಿಗಾಡಿನ ದಾರಿ ಹಿಡಿಯುತ್ತಾರೆ. ಅಂಥ ಹಳ್ಳಿಗಾಡುಗಳಲ್ಲಿ ನೈರುತ್ಯ ಫ್ರಾನ್ಸಿನ ದೋರ್ದೋನ್ ಒಂದು. ಇದರ ಹಳೆಯ ಹೆಸರು ಪೆರಿಗೋರ್. ಆಕ್ರೋಟು ತೋಪುಗಳು, ಸುಣ್ಣಕಲ್ಲಿನ ಬಂಡೆಗಳು, ನಿಧಾನವಾಗಿ ಹರಿಯುವ ಹೊಳೆಗಳು, ಗುಡ್ಡಕ್ಕೊಂದರಂತೆ ಕೋಟೆಗಳು. ಇತಿಹಾಸದ ಪುಸ್ತಕವನ್ನು ಬಯಲಿನಲ್ಲಿ ಬಿಚ್ಚಿಟ್ಟಂತಹ ನಾಡು ಇದು.

ನಾಲ್ವರು ಹುಡುಗರ ಸಾಹಸ

ಎರಡನೇ ಮಹಾಯುದ್ಧದ ಕಾಲ. 1940ರ ಸೆಪ್ಟೆಂಬರ್ 12ರಂದು ಮೋಂತಿನ್ಯಾಕ್ ಎಂಬ ಊರಿನ ಬಳಿಯ ಕಾಡಿನಲ್ಲಿ ನಾಲ್ವರು ಹುಡುಗರು ಒಂದು ಬಿಲಕ್ಕೆ ಇಳಿದರು. ಅವರಲ್ಲಿ ಹಿರಿಯ ಮಾರ್ಸೆಲ್ ರವಿದಾ. ಅವನಿಗೆ ಆಗ ವಯಸ್ಸು ಕೇವಲ ಹದಿನೆಂಟು. ದೀಪದ ಬೆಳಕಿನಲ್ಲಿ ಗೋಡೆ ನೋಡಿದರೆ ಓಡುವ ಕುದುರೆಗಳು, ಜಿಂಕೆಗಳು, ಐದು ಮೀಟರಿಗೂ ಉದ್ದದ ಗೂಳಿ! ಹುಡುಗರು ಓಡಿಹೋಗಿ ತಮ್ಮ ಮೇಷ್ಟ್ರು ಲೆಯೋನ್ ಲಾವಾಲ್ ಅವರಿಗೆ ತಿಳಿಸಿದರು. ಅಷ್ಟಕ್ಕೇ ಸುಮ್ಮನಾಗಲಿಲ್ಲ. ರವಿದಾ ಮತ್ತು ಅವನ ಗೆಳೆಯ ಜಾಕ್ ಮಾರ್ಸಾಲ್ ಗುಹೆಯ ಬಾಯಲ್ಲೇ ಡೇರೆ ಹಾಕಿ ಕಾವಲು ಕೂತರು. ಅದೇ ಇಂದು ಜಗತ್ತಿಗೆಲ್ಲ ಗೊತ್ತಿರುವ ಲಾಸ್ಕೋ ಗುಹೆ. ಆ ಚಿತ್ರಗಳಿಗೆ ಸುಮಾರು ಹದಿನೇಳು ಸಾವಿರ ವರ್ಷಗಳ ವಯಸ್ಸು ಎನ್ನುತ್ತಾರೆ ತಜ್ಞರು.

ಉಸಿರೇ ಶತ್ರುವಾಯಿತು

1948ರಲ್ಲಿ ಗುಹೆಯನ್ನು ಸಾರ್ವಜನಿಕರಿಗೆ ತೆರೆದರು. ಜನ ಮುಗಿಬಿದ್ದರು, ದಿನಕ್ಕೆ ಸಾವಿರಕ್ಕೂ ಹೆಚ್ಚು ಮಂದಿ. ನೋಡಬಂದವರ ಉಸಿರಿನ ತೇವ, ಇಂಗಾಲದ ಡೈ ಆಕ್ಸೈಡ್, ಮೈಶಾಖ, ಇವುಗಳಿಂದ ಗೋಡೆಯ ಮೇಲೆ ಹಸಿರು ಪಾಚಿ ಬೆಳೆಯತೊಡಗಿತು. ಸಾವಿರಾರು ವರ್ಷ ಕತ್ತಲಲ್ಲಿ ಸುರಕ್ಷಿತವಾಗಿದ್ದುದು ಹದಿನೈದೇ ವರ್ಷಗಳಲ್ಲಿ ಹಾಳಾಗುವ ಸ್ಥಿತಿ ಬಂತು. 1963ರಲ್ಲಿ ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ ಗುಹೆಯನ್ನು ಮುಚ್ಚಿಸಿಬಿಟ್ಟರು. ಪ್ರವಾಸಿಗಳ ಹಣಕ್ಕಿಂತ ಚಿತ್ರ ಉಳಿಯುವುದು ಮುಖ್ಯವಾಯಿತು.

ಹಾಗಾದರೆ ಮಕ್ಕಳು ನೋಡುವುದೇನು? 1983ರಲ್ಲಿ ಪಕ್ಕದಲ್ಲೇ ಗುಹೆಯ ಪ್ರತಿಕೃತಿ ಸಿದ್ಧವಾಯಿತು. 2016ರಲ್ಲಿ ಗುಡ್ಡದ ಬುಡದಲ್ಲಿ ಅದಕ್ಕಿಂತ ಪೂರ್ಣವಾದ ಇನ್ನೊಂದು ತಲೆಯೆತ್ತಿತು. ‘ನಕಲಿ ನೋಡಲು ಅಷ್ಟು ದೂರ ಹೋಗಬೇಕೇ?’ ಎಂದು ಕೇಳುವವರಿದ್ದಾರೆ. ನಕಲು ಇರುವುದರಿಂದಲೇ ಅಸಲು ಉಳಿದಿದೆ ಎಂಬುದನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇರೆಲ್ಲಿದೆ? ಅಸಲನ್ನೇ ನೋಡಬೇಕೆನ್ನುವವರಿಗೆ ಫೋನ್-ದ-ಗೋಮ್ ಗುಹೆಯಿದೆ. ಅಲ್ಲಿಗೂ ದಿನಕ್ಕೆ ಕೆಲವೇ ಜನರಿಗೆ ಪ್ರವೇಶ. ಚಿಕ್ಕ ಮಕ್ಕಳಿದ್ದರೆ ರುಫಿನ್ಯಾಕ್‌ಗೆ ಹೋಗಿ. ಪುಟ್ಟ ವಿದ್ಯುತ್ ರೈಲಿನಲ್ಲಿ ಕುಳಿತು ಗುಹೆಯೊಳಗಿನ ಮ್ಯಾಮತ್ ಆನೆಗಳ ಚಿತ್ರ ನೋಡಬಹುದು.

ಎದುರುಬದುರು ಕೋಟೆಗಳು

ದೋರ್ದೋನ್ ಹೊಳೆಯಲ್ಲಿ ಬಾಡಿಗೆ ದೋಣಿ ಹಿಡಿದು ಸಾಗಿದರೆ ಒಂದು ದಡದಲ್ಲಿ ಬೇನಾಕ್ ಕೋಟೆ, ಇನ್ನೊಂದು ದಡದಲ್ಲಿ ಕಾಸ್ತೆಲ್ನೋ. 1337ರಿಂದ 1453ರವರೆಗೆ ನಡೆದ ‘ನೂರು ವರ್ಷಗಳ ಯುದ್ಧ’ದಲ್ಲಿ ಬೇನಾಕ್ ಫ್ರೆಂಚರ ಕಡೆ; ಕಾಸ್ತೆಲ್ನೋ ಬಹುಕಾಲ ಇಂಗ್ಲಿಷರ ಕಡೆ. ಕಾಸ್ತೆಲ್ನೋದಲ್ಲಿ ಈಗ ಮಧ್ಯಯುಗದ ಯುದ್ಧ ಸಾಮಗ್ರಿಗಳ ವಸ್ತುಸಂಗ್ರಹಾಲಯವಿದೆ. ಕಲ್ಲೆಸೆಯುವ ದೈತ್ಯ ಯಂತ್ರಗಳ ಮುಂದೆ ನಿಂತ ಹುಡುಗರನ್ನು ಕದಲಿಸುವುದು ಕಷ್ಟ.

ಊಟ, ವಸತಿ

ದೊಡ್ಡ ಹೋಟೆಲುಗಳಿಗಿಂತ ‘ಜೀತ್’ ಎನ್ನುವ ಹಳ್ಳಿಯ ಬಾಡಿಗೆ ಮನೆಗಳು ಸಂಸಾರಸ್ಥರಿಗೆ ಅನುಕೂಲ. ಅಡುಗೆಮನೆ ಇರುತ್ತದೆ. ಇದು ಬಾತುಕೋಳಿ ಮಾಂಸಕ್ಕೆ ಹೆಸರಾದ ಸೀಮೆಯಾದ್ದರಿಂದ ಸಸ್ಯಾಹಾರಿಗಳಿಗೆ ಈ ಅಡುಗೆಮನೆಯೇ ಗತಿ! ಸಾರ್ಲಾ ಪಟ್ಟಣದಲ್ಲಿ ಬುಧವಾರ, ಶನಿವಾರ ಸಂತೆ. ತರಕಾರಿ, ಸ್ಟ್ರಾಬೆರಿ, ಆಕ್ರೋಟು, ಮೇಕೆ ಹಾಲಿನ ಗಿಣ್ಣು ಎಲ್ಲವೂ ಸಿಗುತ್ತವೆ. ಜುಲೈ, ಆಗಸ್ಟ್‌ನಲ್ಲಿ ಜನಜಂಗುಳಿ; ಜೂನ್ ಅಥವಾ ಸೆಪ್ಟೆಂಬರ್ ಹಿತ. ಹಳ್ಳಿಗಳಿಗೆ ಬಸ್ಸು ಕಡಿಮೆ, ಕಾರು ಬೇಕಾಗುತ್ತದೆ. ಗುಹೆಗಳ ಟಿಕೆಟ್ ಮುಂಗಡವಾಗಿ ಕಾದಿರಿಸಿ.

ಹೊರಡುವ ಮುನ್ನ ಮಕ್ಕಳಿಗೆ ಆ ನಾಲ್ವರು ಹುಡುಗರ ಕಥೆ ಹೇಳಿ. ಗುಹೆ ಸಿಕ್ಕಿದ್ದು ಅದೃಷ್ಟ. ಬಾಗಿಲಲ್ಲಿ ಕಾವಲು ಕೂತದ್ದು ವಿವೇಕ. ಎರಡನೆಯದನ್ನು ಎಲ್ಲ ಮಕ್ಕಳೂ ಕಲಿಯಬಹುದು.