20 ರೂಪಾಯಿ ಫ್ಯೂಸ್, 4,500 ರೂಪಾಯಿ ಬಿಲ್ಲು

ಕಳೆದ ತಿಂಗಳು ಹಾಲು ಬಿಸಿಗಿಟ್ಟಿದ್ದೆ. ಟೈಮರ್ ಮುಗಿಯೋ ತನಕ ಕಾಯೋ ತಾಳ್ಮೆ ಇಲ್ಲದೆ ಬಾಗಿಲು ಎಳೆದೆ. 'ಟಪ್' ಅಂತ ಸದ್ದಾಗಿ ಮೈಕ್ರೋವೇವ್ ಸತ್ತುಹೋಯಿತು. ಡಿಸ್‌ಪ್ಲೇ ಇಲ್ಲ, ಲೈಟಿಲ್ಲ, ಏನೂ ಇಲ್ಲ. ಸರ್ವಿಸ್ ಸೆಂಟರಿನಿಂದ ಬಂದವರು ಮುಚ್ಚಳವನ್ನೂ ಬಿಚ್ಚದೆ, "ಬೋರ್ಡ್ ಹೋಗಿದೆ ಸರ್, 4,500 ಆಗುತ್ತೆ, ಹೊಸದೇ ತಗೊಂಡುಬಿಡಿ" ಅಂದರು. ಹೋಗಿದ್ದು ಫ್ಯೂಸ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 20 ರೂಪಾಯಿಗೆ ಸಿಕ್ಕಿತು.

ಇಲ್ಲಿಗೆ ನಿಲ್ಲಿಸಿದರೆ ಕಂಪನಿಗಳ ಸುಲಿಗೆಯ ಕತೆಯಾಗಿ ಇದು ಚೆನ್ನಾಗಿ ಶೇರ್ ಆಗುತ್ತೆ. ಆದರೆ ಅದು ಅರ್ಧ ಕತೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ಪ್ಲಗ್ ಕಿತ್ತರೆ ಸಾಮಾನ್ಯವಾಗಿ ಭಯವಿಲ್ಲ. ಮೈಕ್ರೋವೇವ್ ಪ್ಲಗ್ ಕಿತ್ತ ಮೇಲೂ ಹೊಡೆಯಬಲ್ಲದು.

ಯಾಕೆ ಅಂದ್ರೆ, ಗೋಡೆಯಿಂದ ಬರುವ 230 ವೋಲ್ಟನ್ನು ಒಳಗಿನ ಟ್ರಾನ್ಸ್‌ಫಾರ್ಮರ್ ಸುಮಾರು 2,000 ವೋಲ್ಟಿಗೆ ಏರಿಸುತ್ತದೆ. ಕೆಪಾಸಿಟರ್ ಮತ್ತು ಡಯೋಡ್ ಸೇರಿ ಅದನ್ನು ಇನ್ನೂ ಎತ್ತರಿಸಿ, ಸುಮಾರು 4,000 ವೋಲ್ಟನ್ನು ಮ್ಯಾಗ್ನೆಟ್ರಾನ್‌ಗೆ ಕೊಡುತ್ತವೆ. ಊಟ ಬಿಸಿ ಮಾಡುವ ಅಲೆ ಹುಟ್ಟುವುದು ಅಲ್ಲಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಹೊಟ್ಟೆಯಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಅದನ್ನು ನಿಧಾನಕ್ಕೆ ಖಾಲಿ ಮಾಡಲು ಸಾಮಾನ್ಯವಾಗಿ ಒಳಗೇ ಒಂದು ರೆಸಿಸ್ಟರ್ ಇರುತ್ತದೆ, ನಿಜ. ಆದರೆ ಆ ರೆಸಿಸ್ಟರ್ ಕೆಟ್ಟಿದ್ದರೆ ಹೊರಗಿನಿಂದ ನೋಡಿ ಹೇಳಲಾಗದು.

ಹಾಗಾಗಿ 'ತೆರೆಯಬೇಡಿ' ಅನ್ನೋ ಸ್ಟಿಕ್ಕರ್ ಸುಳ್ಳು ಹೇಳ್ತಿಲ್ಲ. ತೊಂದರೆ ಏನಂದ್ರೆ, ಅದೇ ಸ್ಟಿಕ್ಕರ್ ಹಿಂದೆ ನಿಜವಾದ ಅಪಾಯವೂ ಇದೆ, ವ್ಯಾಪಾರವೂ ಇದೆ. ಸಾಮಾನ್ಯ ಸ್ಕ್ರೂಡ್ರೈವರಿಗೆ ಬಗ್ಗದ ಸ್ಕ್ರೂ ಎರಡಕ್ಕೂ ಕೆಲಸಕ್ಕೆ ಬರುತ್ತದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು 'ರೈಟ್ ಟು ರಿಪೇರ್' ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ಮೊಬೈಲ್, ವಾಹನಗಳ ಜೊತೆ ಗೃಹೋಪಯೋಗಿ ವಸ್ತುಗಳೂ ಅದರಲ್ಲಿವೆ. ಆದರೆ ಅದು ಪೋರ್ಟಲ್, ಕಾನೂನಲ್ಲ.

ಸರಿ, ಕೆಲಸಕ್ಕೆ ಬರೋಣ. ಮುಚ್ಚಳ ಬಿಚ್ಚುವ ಮೊದಲು ಅದೇ ಸಾಕೆಟ್ಟಿಗೆ ಬೇರೆ ಏನಾದರೂ ಹಾಕಿ ನೋಡಿ, ಎಂಸಿಬಿ ಬಿದ್ದಿದೆಯಾ ನೋಡಿ. ವಾರಂಟಿ ಇದ್ದರೆ ಮುಟ್ಟಲೇಬೇಡಿ. ಡಿಸ್‌ಪ್ಲೇ ಉರಿಯುತ್ತಿದೆ, ಊಟ ಮಾತ್ರ ಬಿಸಿಯಾಗ್ತಿಲ್ಲ ಅಂದರೆ ಕೆಟ್ಟಿರುವುದು ಈ ಫ್ಯೂಸ್ ಅಲ್ಲ. ಹೆಚ್ಚಾಗಿ ಅದು ಹೈ ವೋಲ್ಟೇಜ್ ಕಡೆಯ ತೊಂದರೆ, ಮೆಕ್ಯಾನಿಕ್ ಕೈಗೆ ಕೊಡಿ.

ಪೂರ್ತಿ ಸತ್ತಿದ್ದರೆ ಮಾತ್ರ ಮುಂದಿನದು. ಪ್ಲಗ್ ಕಿತ್ತು, ಅದು ಕಣ್ಣಿಗೆ ಕಾಣುವ ಜಾಗದಲ್ಲಿಡಿ. ಒಳಗೆ ಟ್ರಾನ್ಸ್‌ಫಾರ್ಮರ್ ಆಸುಪಾಸು ಮೊಟ್ಟೆಯಾಕಾರದ ಲೋಹದ ಡಬ್ಬಿ ಕಾಣುತ್ತದೆ, ಅದೇ ಕೆಪಾಸಿಟರ್. ಮೆಕ್ಯಾನಿಕ್‌ಗಳು ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್‌ನಿಂದ ಅದರ ಎರಡೂ ಟರ್ಮಿನಲ್‌ಗಳನ್ನು ಒಟ್ಟಿಗೆ ಮುಟ್ಟಿಸಿ, ಆಮೇಲೆ ಒಂದೊಂದನ್ನೂ ಬಾಡಿಗೆ ಮುಟ್ಟಿಸಿ ಖಾಲಿ ಮಾಡುತ್ತಾರೆ. ಚಾರ್ಜ್ ಇದ್ದರೆ ಕಿಡಿ ಹಾರುತ್ತದೆ. ಬೆರಳು ಹಿಡಿಯಿಂದ ಮುಂದೆ ಜಾರಕೂಡದು, ಇನ್ನೊಂದು ಕೈ ಬೆನ್ನ ಹಿಂದೆ, ಉಂಗುರ-ವಾಚು ಬಿಚ್ಚಿರಬೇಕು, ಕಾಲಲ್ಲಿ ಒಣ ಚಪ್ಪಲಿ. ಮನೆಯ ಮಲ್ಟಿಮೀಟರ್‌ನಿಂದ ಈ ವೋಲ್ಟೇಜ್ ಅಳೆಯಲು ಹೋಗಬೇಡಿ, ಅದು ಇಷ್ಟಕ್ಕೆ ಮಾಡಿದ್ದಲ್ಲ. ಇದನ್ನೆಲ್ಲ ಎಂದೂ ಮಾಡಿಲ್ಲವಾದರೆ ಬಲ್ಲವರನ್ನು ಕರೆಸಿ, ಪಕ್ಕದಲ್ಲಿ ನಿಂತು ನೋಡಿ. ನಾಚಿಕೆ ಏನಿಲ್ಲ, ಡಿಗ್ರಿ ಇದ್ದೂ ಮೊದಲ ಸಲ ನಾನು ಮಾಡಿದ್ದೂ ಹಾಗೇ. ಮುಚ್ಚಳ ಬಿಚ್ಚಿಟ್ಟು ಪ್ಲಗ್ ಹಾಕಿ 'ಚೆಕ್' ಮಾಡುವುದಂತೂ ಯಾವತ್ತೂ ಬೇಡ. ಆಗ ಎದುರಿಗಿರುವುದು ಉಳಿದ ಚಾರ್ಜ್ ಅಲ್ಲ, ನಿಲ್ಲದೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್.

ಫ್ಯೂಸ್ ಹುಡುಕೋದು ಸುಲಭ. ಪವರ್ ವೈರು ಒಳಗೆ ಬರುವ ಕಡೆ ಗಾಜಿನದೋ ಬಿಳಿ ಸೆರಾಮಿಕ್‌ನದೋ ಪುಟ್ಟ ಕೊಳವೆ ಇರುತ್ತದೆ. ಸೆರಾಮಿಕ್ ಆದರೆ ಒಳಗಿನದು ಕಾಣದು. ಹೊರತೆಗೆದು ಮಲ್ಟಿಮೀಟರ್‌ನಲ್ಲಿ ಬೀಪ್ ಬರುತ್ತಾ ನೋಡಿ, ಬರದಿದ್ದರೆ ಹೋಗಿದೆ. ಲೋಹದ ಟೋಪಿಯ ಮೇಲೆ ಬರೆದಷ್ಟೇ ಆಂಪ್, ಅಷ್ಟೇ ವೋಲ್ಟ್, ಅದೇ ಅಳತೆ, ಅದೇ ಜಾತಿಯದನ್ನು ತನ್ನಿ. ಸೆರಾಮಿಕ್ ಇದ್ದ ಕಡೆ ಗಾಜಿನದು ಬೇಡ.

ಎಸ್.ಪಿ. ರೋಡಿನ ಅಂಗಡಿಯವರು ಫ್ಯೂಸ್ ಕೊಡುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಓಡ್ತಾ ಇದ್ದಾಗ ಹೋಯ್ತಾ, ಬಾಗಿಲು ತೆಗೆದಾಗ ಹೋಯ್ತಾ?"

ಪ್ರಶ್ನೆಯ ಬೆಲೆ ಗೊತ್ತಾಗಬೇಕಾದರೆ ಬಾಗಿಲಿನ ಹಿಂದೆ ನೋಡಬೇಕು. ಅಲ್ಲಿ ಸಾಮಾನ್ಯವಾಗಿ ಮೂರು ಪುಟ್ಟ ಸ್ವಿಚ್ಚುಗಳಿರುತ್ತವೆ. ಬಾಗಿಲು ತೆಗೆದ ಕೂಡಲೇ ಕರೆಂಟ್ ಕಡಿಯುವುದು ಮೊದಲಿನ ಎರಡರ ಕೆಲಸ. ಅವು ಅಂಟಿಕೊಂಡು ಕಡಿಯದೇ ಹೋದರೆ, ಬಾಗಿಲು ತೆರೆದಿದ್ದರೂ ಒಳಗಿನ ಅಲೆಗಳು ನಮ್ಮ ಮೇಲೇ ಬರುತ್ತವೆ. ಅದಕ್ಕೇ ಮೂರನೆಯದು ಕಾವಲು ಕೂತಿರುತ್ತದೆ. ಅಂಥ ಹೊತ್ತಿನಲ್ಲಿ ಅದು ಬೇಕಂತಲೇ ಶಾರ್ಟ್ ಮಾಡಿ ಫ್ಯೂಸನ್ನು ಸುಟ್ಟುಬಿಡುತ್ತದೆ. ಅಂದರೆ ನನ್ನ ಫ್ಯೂಸ್ 'ಕೆಟ್ಟಿದ್ದಲ್ಲ', ತನ್ನ ಕೆಲಸ ಮಾಡಿತ್ತು.

ಈಗ ನಮ್ಮೂರುಗಳ ಹಳೇ ಚಾಳಿ ನೆನಪು ಮಾಡಿಕೊಳ್ಳಿ. ಫ್ಯೂಸ್ ಹೋದರೆ ತಾಮ್ರದ ಎಳೆ ಸುತ್ತಿ ಕೂರಿಸುವುದು. ಮೈಕ್ರೋವೇವ್‌ನಲ್ಲಿ ಹಾಗೆ ಮಾಡಿದರೆ ಕಾವಲುಗಾರನ ಕೈ ಕಟ್ಟಿದ ಹಾಗೆ. ಹೆಚ್ಚು ಆಂಪಿನ ಫ್ಯೂಸ್ ಹಾಕಿದರೂ ಅಷ್ಟೇ. ವೈರು ಹೊತ್ತಿಕೊಳ್ಳಬಹುದು, ಇಲ್ಲವೇ ಬಾಗಿಲು ತೆರೆದೂ ಒಲೆ ಓಡಬಹುದು.

ವೋಲ್ಟೇಜ್ ಏರುಪೇರಿಗೋ ವಯಸ್ಸಾಗಿಯೋ ಹೋದ ಫ್ಯೂಸಾದರೆ ಬದಲಿಸಿದರೆ ಸಾಕು. ಹೊಸದೂ ತಕ್ಷಣ ಹೋಯಿತು ಅಂದರೆ ಮೂರನೆಯದು ಹಾಕಬೇಡಿ. ಡಯೋಡ್, ಕೆಪಾಸಿಟರ್, ಟ್ರಾನ್ಸ್‌ಫಾರ್ಮರ್, ಮ್ಯಾಗ್ನೆಟ್ರಾನ್, ಇವುಗಳಲ್ಲೊಂದು ಶಾರ್ಟ್ ಆಗಿರಬಹುದು. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು.

ನಾನು ಫ್ಯೂಸಿನ ಜೊತೆ ಬಾಗಿಲಿನ ಮೂರೂ ಸ್ವಿಚ್ಚು ಬದಲಿಸಿ, ಮುಚ್ಚಳದ ಎಲ್ಲ ಸ್ಕ್ರೂ ಬಿಗಿದ ಮೇಲೆ ಪ್ಲಗ್ ಹಾಕಿದೆ. ಒಂದು ಲೋಟ ನೀರಿಟ್ಟು ಒಂದು ನಿಮಿಷ ಓಡಿಸಿದೆ. ನೀರು ಬಿಸಿಯಾಯಿತು. ಖಾಲಿ ಓಡಿಸಬಾರದು, ಮ್ಯಾಗ್ನೆಟ್ರಾನ್ ಹಾಳಾಗಬಹುದು. ಮತ್ತೆ ಓಡಿಸಿ ನಡುವೆ ಬಾಗಿಲು ತೆಗೆದೆ, ತಕ್ಷಣ ನಿಂತಿತು. ಒಟ್ಟು ಖರ್ಚು 150 ರೂಪಾಯಿ. ಮುಚ್ಚಳ ಬಿಚ್ಚದೇ ಹೋದವರಿಗೆ ಕೊಟ್ಟ 450 ರೂಪಾಯಿ ವಿಸಿಟ್ ಚಾರ್ಜು ಬೇರೆ.